ಗಡಿಯ ಕೇರಿ ಯಾವ ನಾಡಿಗೆ ಸೇರಿದ್ದು?

(ತೊಂಡೇಬಾವಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ನಾವು ಗೌರಿಬಿದನೂರು ಸೀಮೆಯವರು. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ರೈಲು ಹತ್ತಿದರೆ ಹಿಂದೂಪುರ. ಹೆಣ್ಣು ತರೋದು, ಕೊಡೋದು ಎರಡೂ ಕಡೆ. ಹಾಗಾದರೆ ನಾವು ಕನ್ನಡಿಗರೋ, ತೆಲುಗರೋ, ಭಾರತೀಯರೋ?

ನಮ್ಮ ತಾತಂದಿರ ಕಾಲಕ್ಕೆ ಇದು ಮೈಸೂರು ಮಹಾರಾಜರ ಸೀಮೆ. ಹಿಂದೂಪುರ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. 1938ರ ಏಪ್ರಿಲ್ 25ರಂದು ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ದೇಶ ಅನ್ನೋದು ಆವತ್ತು ಬಾವುಟವಾಗಿ, ರಕ್ತವಾಗಿ ಈ ಸೀಮೆಗೆ ಬಂತು. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ಭಾಷೆಯ ಲೆಕ್ಕದಲ್ಲಿ ಮೈಸೂರು ದೊಡ್ಡದಾಯಿತು, 1973ರಲ್ಲಿ ಅದೇ ಕರ್ನಾಟಕವಾಯಿತು. ನಮ್ಮ ಗುಡಿಸಲು ಕದಲಲಿಲ್ಲ, ನಾಡಿನ ಹೆಸರು ಮಾತ್ರ ಬದಲಾಯ್ತು.

ನಮಗೂ ನಾಡಿನ ಹೆಸರು ಅಂಟಿತು: ಆದಿ ಕರ್ನಾಟಕ, ಆದಿ ಆಂಧ್ರ, ಆದಿ ದ್ರಾವಿಡ. ಮೂರೂ ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿವೆ. ನೆಲದ ಮೊದಲಿಗರು ಅಂತ 'ಆದಿ'. ಮೊದಲಿಗರ ಕೇರಿ ಮಾತ್ರ ಊರಾಚೆ!

ಬಾಬಾಸಾಹೇಬರು 1955ರಲ್ಲೇ ಎಚ್ಚರಿಸಿದ್ದರು: ಭಾಷಾವಾರು ರಾಜ್ಯದಲ್ಲಿ ಒಂದು ದೊಡ್ಡ ಜಾತಿ ಚುಕ್ಕಾಣಿ ಹಿಡಿದರೆ ಸಣ್ಣ ಜಾತಿಗಳ ಗತಿ ಏನು? ಉತ್ತರ ಗಡಿಯ ಎರಡೂ ಕಡೆ ಇದೆ. 1985ರಲ್ಲಿ ಆಂಧ್ರದ ಕಾರಂಚೇಡು. 2000ದಲ್ಲಿ ನಮ್ಮದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ; ಏಳು ದಲಿತರನ್ನು ಜೀವಂತ ಸುಟ್ಟರು. ಸುಟ್ಟವರು ಭಾಷೆ ಕೇಳಲಿಲ್ಲ, ಜಾತಿ ನೋಡಿದರು.

ಇನ್ನೊಂದು ಮಾತು, ಹಾಸ್ಟೆಲಿನವರು ತಿಳಿದಿರಬೇಕಾದ್ದು. ಸಂವಿಧಾನದ 341ನೇ ವಿಧಿಯಂತೆ ಜಾತಿ ಪಟ್ಟಿ ರಾಜ್ಯಕ್ಕೊಂದು. 1990ರಲ್ಲಿ ಸುಪ್ರೀಂ ಕೋರ್ಟು ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ಹೇಳಿತು: ಬೇರೆ ರಾಜ್ಯಕ್ಕೆ ವಲಸೆ ಹೋದವರಿಗೆ ಹುಟ್ಟಿದ ರಾಜ್ಯದ ಮೀಸಲಾತಿ ಜೊತೆಗೆ ಬರೋದಿಲ್ಲ. ಎರಡೂ ಪಟ್ಟಿಯಲ್ಲಿ ಜಾತಿಯ ಹೆಸರು ಒಂದೇ ಇದ್ದರೂ ಅಷ್ಟೇ. ಹಿಂದೂಪುರದಿಂದ ಕೂಲಿಗೆ ಬಂದ ಮಾದಿಗನ ಸರ್ಟಿಫಿಕೇಟು ಗಡೀಲೇ ನಿಲ್ಲುತ್ತೆ. ಅವನ ಅಸ್ಪೃಶ್ಯತೆ ಮಾತ್ರ ಟಿಕೆಟ್ಟಿಲ್ಲದೆ ಗಡಿ ದಾಟುತ್ತೆ. ಇಡೀ ದೇಶಕ್ಕೆ ಒಂದೇ ಇರೋದು ಯಾವುದು, ನೀವೇ ಹೇಳಿ.

ಆದ್ದರಿಂದ ಗೆಳೆಯರೇ, ಕನ್ನಡ ಓದೋಣ, ಬರೆಯೋಣ; ಅವ್ವನ ತೆಲುಗಿಗೆ ನಾಚೋದು ಬೇಡ. ಭಾಷೆ ಹೆಸರಲ್ಲಿ ಆಚೆ ಕೇರಿಯವರ ಮೇಲೆ ಕಲ್ಲೆತ್ತು ಅಂದರೆ ಎತ್ತೋದು ಬೇಡ, ಅವರು ನಮ್ಮ ನೆಂಟರು. ದೇಶಭಕ್ತಿಯ ಪರೀಕ್ಷೆ ಯಾರಾದರೂ ಕೇಳಿದರೆ 17ನೇ ವಿಧಿ ತೋರಿಸಿ: ಅಸ್ಪೃಶ್ಯತೆ ರದ್ದಾಗಿದೆ ಅಂತ ಅಲ್ಲಿ ಬರೆದಿದೆ. ಅದು ನಮ್ಮ ಊರಿನ ಬಾವಿಕಟ್ಟೆಗೆ, ಹೋಟೆಲಿನ ಲೋಟಕ್ಕೆ ಬಂದ ದಿನ ನಾವು ಪೂರಾ ಭಾರತೀಯರು. ಬರೋ ತನಕ ಕಾಯೋದಲ್ಲ, ಸಂಘಟಿತರಾಗಿ ತರೋಣ.

ಜೈ ಭೀಮ್.