ಕಾಗದವನ್ನು ಅಪ್ಪಿಕೊಂಡವರು ಅಚ್ಚುಯಂತ್ರಕ್ಕೆ ಅಂಜಿದ್ದೇಕೆ?

(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಿಜ್ಞಾನ ಮತ್ತು ತಂತ್ರಜ್ಞಾನಗಳು ಮಾನವ ನಾಗರಿಕತೆಯನ್ನು ಹೇಗೆ ರೂಪಿಸಿದವು ಎಂಬ ವಿಷಯವನ್ನು ನಮಗೆ ಒಪ್ಪಿಸಲಾಗಿದೆ. ಬೆಂಕಿಯಿಂದ ಆರಂಭಿಸಿ ಬಾಹ್ಯಾಕಾಶದವರೆಗೆ ಒಂದೊಂದು ವಾಕ್ಯ ಹೇಳಿ ಮುಗಿಸುವುದು ಸುಲಭ. ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಆದ್ದರಿಂದ ನಾವು ಎರಡೇ ವಸ್ತುಗಳನ್ನು ಎತ್ತಿಕೊಳ್ಳುತ್ತೇವೆ: ಕಾಗದ ಮತ್ತು ಅಚ್ಚುಯಂತ್ರ. ಮೊದಲನೆಯದನ್ನು ಮುಸ್ಲಿಮ್ ಜಗತ್ತು ಎರಡೂ ಕೈ ಚಾಚಿ ಸ್ವಾಗತಿಸಿತು. ಎರಡನೆಯದರ ಮುಂದೆ ಸುಮಾರು 270 ವರ್ಷ ಹಿಂಜರಿದು ನಿಂತಿತು. ಹೀಗೇಕಾಯಿತು ಎಂಬುದನ್ನು ಅರಿಯುವುದು ಮನೆಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬ ತಂದೆತಾಯಿಗೂ ಅಗತ್ಯ.

ಕಾಗದ ಮುಸ್ಲಿಮರ ಆವಿಷ್ಕಾರವಲ್ಲ. ಕ್ರಿ.ಶ. 105ರಲ್ಲಿ ಚೀನದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಮರದ ತೊಗಟೆ, ಸೆಣಬು, ಚಿಂದಿ ಬಟ್ಟೆಗಳಿಂದ ಮಾಡಿದ ಕಾಗದವನ್ನು ಚಕ್ರವರ್ತಿಗೆ ಒಪ್ಪಿಸಿದನೆಂದು ಚೀನೀ ಚರಿತ್ರೆ ಹೇಳುತ್ತದೆ. 751ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರು ಸಮರ್ಕಂದ್‌ನಲ್ಲಿ ಈ ವಿದ್ಯೆಯನ್ನು ಕಲಿಸಿದರೆಂಬ ಕಥೆ ನಮ್ಮ ಪುಸ್ತಕಗಳಲ್ಲಿ ಜನಪ್ರಿಯವಾಗಿದೆ. ಇಂದಿನ ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಮಧ್ಯ ಏಷ್ಯಾದಲ್ಲಿ ಕಾಗದ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು. ಕಥೆ ಸುಳ್ಳಾದರೂ ಫಲಿತಾಂಶ ಸುಳ್ಳಲ್ಲ. 762ರಲ್ಲಿ ಬಗ್ದಾದ್ ನಗರದ ನಿರ್ಮಾಣ ಆರಂಭವಾಯಿತು; ಆ ಶತಮಾನ ಮುಗಿಯುವುದರೊಳಗೆ ಅಲ್ಲಿ ಕಾಗದ ತಯಾರಾಗತೊಡಗಿತ್ತು.

ಆಡಳಿತಕ್ಕೆ ಕಾಗದ ಬೇಕಾಗಿದ್ದುದು ಬಹಳ ಲೌಕಿಕವಾದ ಕಾರಣಕ್ಕೆ. ಚರ್ಮದ ಹಾಳೆಯ ಮೇಲಿನ ಬರಹವನ್ನು ಕೆರೆದು ಬೇರೆ ಬರೆಯಬಹುದು. ಕಾಗದದಲ್ಲಾದರೆ ಶಾಯಿ ಒಳಗಿಳಿಯುತ್ತದೆ, ತಿದ್ದಿದರೆ ಕಲೆ ಉಳಿಯುತ್ತದೆ. ಲೆಕ್ಕಪತ್ರದಲ್ಲಿ ಮೋಸ ಕಷ್ಟವಾಯಿತು! ಅರಬ್ ಕುಶಲಕರ್ಮಿಗಳು ಚಿಂದಿಯನ್ನು ನೆನೆಸಿ, ಕುಟ್ಟಿ, ಜರಡಿಯಲ್ಲಿ ಹಾಳೆ ಎತ್ತಿ, ಅದಕ್ಕೆ ಗೋಧಿಯ ಗಂಜಿ ಬಳಿದು ಲೇಖನಿಗೆ ಹೊಂದುವ ನುಣುಪು ಕೊಟ್ಟರು. ಚೀನೀಯರು ಕುಂಚದಿಂದ ಬರೆಯುತ್ತಿದ್ದರು, ಅರಬರು ಬಿದಿರಿನಂತಹ ಜೊಂಡಿನ ಲೇಖನಿಯಿಂದ. ಪಡೆದುಕೊಂಡ ವಿದ್ಯೆಯನ್ನು ತಮ್ಮ ಕೈಗೆ ತಕ್ಕಂತೆ ತಿದ್ದಿಕೊಳ್ಳುವುದೆಂದರೆ ಇದು.

ಕಾಗದದೊಡನೆ ಒಂದು ಹೊಸ ವೃತ್ತಿಯೇ ಹುಟ್ಟಿತು. ಅವರನ್ನು ‘ವರ್ರಾಕ್’ ಎನ್ನುತ್ತಿದ್ದರು: ಕಾಗದ ಮಾರುವವರು, ಗ್ರಂಥ ನಕಲು ಮಾಡುವವರು, ಪುಸ್ತಕ ವ್ಯಾಪಾರಿಗಳು. 987ರಲ್ಲಿ ಅರಬಿ ಭಾಷೆಯಲ್ಲಿ ಲಭ್ಯವಿದ್ದ ಗ್ರಂಥಗಳ ಬೃಹತ್ ಸೂಚಿಯನ್ನು ರಚಿಸಿದ ಇಬ್ನು ನದೀಮ್ ಇಂತಹ ಒಬ್ಬ ಪುಸ್ತಕ ವ್ಯಾಪಾರಿ. ಸಾಹಿತಿ ಜಾಹಿಝ್ ಪುಸ್ತಕದಂಗಡಿಗಳನ್ನು ರಾತ್ರಿ ಬಾಡಿಗೆಗೆ ಪಡೆದು ಓದುತ್ತಿದ್ದರೆಂಬ ಕಥೆಯೂ ಆ ಗ್ರಂಥದಲ್ಲಿದೆ.

ಇನ್ನೊಂದು ಉದಾಹರಣೆಯನ್ನು ನಾವು ವಿಶೇಷವಾಗಿ ಇಷ್ಟಪಡುತ್ತೇವೆ. ಒಂಬತ್ತನೆಯ ಶತಮಾನದಲ್ಲಿ ಖ್ವಾರಿಝ್ಮಿ ಭಾರತದ ಅಂಕಿಗಳ ಕುರಿತು ಬರೆದರು. ಅವರ ಹೆಸರೇ ಲ್ಯಾಟಿನ್ ಭಾಷೆಗೆ ಹೋಗಿ ‘ಅಲ್ಗಾರಿದಮ್’ ಆಯಿತೆಂಬುದನ್ನು ನಮ್ಮ ಮಕ್ಕಳು ಬಲ್ಲರು. ಆದರೆ ಆಗ ಲೆಕ್ಕ ಮಾಡುತ್ತಿದ್ದುದು ಧೂಳು ಹರಡಿದ ಹಲಗೆಯ ಮೇಲೆ, ಬೆರಳಿನಿಂದ ಅಳಿಸಿ ಅಳಿಸಿ. ನಡುವಿನ ಹಂತಗಳು ಅಳಿದುಹೋಗುತ್ತಿದ್ದವು, ತಪ್ಪು ಎಲ್ಲಾಯಿತೆಂದು ಹುಡುಕಲಾಗುತ್ತಿರಲಿಲ್ಲ. 952ರ ಸುಮಾರಿಗೆ ದಮಾಸ್ಕಸ್‌ನಲ್ಲಿ ಉಕ್ಲೀದಿಸಿ ಎಂಬ ಗಣಿತಜ್ಞರು ಇದೇ ಭಾರತೀಯ ಲೆಕ್ಕವನ್ನು ಅಳಿಸದೆ, ಶಾಯಿ ಮತ್ತು ಕಾಗದದಲ್ಲಿ ಮಾಡುವ ವಿಧಾನವನ್ನು ಬರೆದಿಟ್ಟರು. ದಶಮಾಂಶ ಭಿನ್ನರಾಶಿಗಳು ಮೊದಲು ಕಾಣಸಿಗುವ ಗ್ರಂಥಗಳಲ್ಲಿ ಇದೂ ಒಂದು. ಶಾಲೆಯಲ್ಲಿ ಮೇಷ್ಟ್ರು ‘ಹಂತಗಳನ್ನು ತೋರಿಸು’ ಎಂದು ಅಂಕ ಕಡಿತ ಮಾಡುವಾಗ ಈ ಮನುಷ್ಯನನ್ನು ನೆನೆಯಬಹುದು.

ಇನ್ನು ಅಚ್ಚಿನ ಕಥೆ. ಗುಟೆನ್‌ಬರ್ಗ್ ಜರ್ಮನಿಯಲ್ಲಿ ಬಿಡಿ ಅಚ್ಚುಮೊಳೆಗಳಿಂದ ಬೈಬಲ್ ಮುದ್ರಿಸಿದ್ದು 1455ರ ಸುಮಾರಿಗೆ. ಅದಕ್ಕೂ ಶತಮಾನಗಳ ಮೊದಲೇ ಈಜಿಪ್ಟ್‌ನಲ್ಲಿ ಅರಬಿ ಅಕ್ಷರಗಳನ್ನು ಕೆತ್ತಿದ ಅಚ್ಚಿನಿಂದ ಕಾಗದದ ಮೇಲೆ ಒತ್ತುವ ವಿದ್ಯೆ ಗೊತ್ತಿತ್ತು. ಅದರಲ್ಲಿ ಏನನ್ನು ಮುದ್ರಿಸಿದರು? ತಾಯಿತಗಳನ್ನು! ಬಡವರ ಕೊರಳಿಗೆ ಕಟ್ಟುವ ಸಣ್ಣ ಚೀಟಿಗಳನ್ನು. ಅವುಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಯಂತ್ರ ಕೈಯಲ್ಲಿತ್ತು, ಅದರಿಂದ ಗ್ರಂಥವನ್ನೂ ಒತ್ತಬಹುದೆಂದು ವಿದ್ವಾಂಸರು ಯಾರೂ ಅದರತ್ತ ಕೈ ಚಾಚಲಿಲ್ಲ.

ಉಸ್ಮಾನೀ ಸುಲ್ತಾನರು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಗೋಡೆಗಳನ್ನು ಒಡೆಯಲು ಹಂಗೇರಿಯ ಕುಶಲಕರ್ಮಿಯಿಂದ ಬೃಹತ್ ಫಿರಂಗಿ ಮಾಡಿಸಿಕೊಂಡರು. ಅದಕ್ಕೆ ಯಾರ ಹಿಂಜರಿಕೆಯೂ ಇರಲಿಲ್ಲ. ಅದೇ ನಗರದಲ್ಲಿ, ಸ್ಪೇನ್‌ನಿಂದ ಹೊರದೂಡಲ್ಪಟ್ಟ ಯಹೂದಿಗಳು 1493ರಲ್ಲಿ ಹೀಬ್ರೂ ಪುಸ್ತಕ ಮುದ್ರಿಸಿದರು. 1567ರಲ್ಲಿ ಅರ್ಮೇನಿಯನ್ನರು ಮುದ್ರಿಸಿದರು. ಮುಸ್ಲಿಮರು ಮಾತ್ರ ಇಬ್ರಾಹೀಮ್ ಮುತಫರ್ರಿಕಾ ಬರುವವರೆಗೆ ಕಾದರು. 1727ರಲ್ಲಿ ಸುಲ್ತಾನ್ ಮೂರನೇ ಅಹ್ಮದ್ ಅನುಮತಿ ಕೊಟ್ಟರು, ಶೈಖುಲ್ ಇಸ್ಲಾಮ್ ಫತ್ವಾ ಕೊಟ್ಟರು, ಧಾರ್ಮಿಕ ಗ್ರಂಥಗಳನ್ನು ಮುದ್ರಿಸಬಾರದೆಂಬ ಷರತ್ತಿನೊಡನೆ. 1729ರಲ್ಲಿ ಮೊದಲು ಹೊರಬಂದದ್ದು ಒಂದು ಅರಬಿ-ತುರ್ಕಿ ನಿಘಂಟು. 1742ರ ತನಕ ಅಲ್ಲಿ ಪ್ರಕಟವಾದ ಶೀರ್ಷಿಕೆಗಳು ಹದಿನೇಳು ಮಾತ್ರ.

‘ಮುಲ್ಲಾಗಳು ನಿಷೇಧಿಸಿದರು, ಅಷ್ಟೇ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಅರ್ಧ ಓದಿನ ಮಾತು. ಮುದ್ರಿಸಿದವರಿಗೆ ಮರಣದಂಡನೆ ವಿಧಿಸಿದ ಸುಲ್ತಾನರ ಆಜ್ಞೆ ಎಂದು ಪದೇ ಪದೇ ಉಲ್ಲೇಖಿಸಲಾಗುವ ಸಂಗತಿಗೆ ಗಟ್ಟಿ ದಾಖಲೆಯಿಲ್ಲವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಬೇರೆ ಕಾರಣಗಳಿದ್ದವು. ಅರಬಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಂಡು ರೂಪ ಬದಲಿಸುತ್ತವೆ. ನೂರಾರು ಅಚ್ಚುಮೊಳೆ ಬೇಕು, ಬಂಡವಾಳ ಬೇಕು. ನಕಲು ಮಾಡುವವರ ಜೀವನೋಪಾಯದ ಪ್ರಶ್ನೆಯಿತ್ತು. ತಪ್ಪಿನ ಭಯವಂತೂ ನಿಜವಾದುದೇ. 1537-38ರ ಸುಮಾರಿಗೆ ವೆನಿಸ್‌ನಲ್ಲಿ ವ್ಯಾಪಾರದ ಆಸೆಯಿಂದ ಮುದ್ರಿಸಲಾದ ಕುರ್‌ಆನ್ ಪ್ರತಿ ಅಕ್ಷರದೋಷಗಳಿಂದ ತುಂಬಿತ್ತು. ಗುರುವಿನ ಬಾಯಿಂದ ಕೇಳಿ, ಓದಿ ಒಪ್ಪಿಸಿ ‘ಇಜಾಝತ್’ ಪಡೆಯುವ ಪರಂಪರೆಯಲ್ಲಿ ಬೆಳೆದವರಿಗೆ, ಯಾರೋ ಅಪರಿಚಿತನು ಸಾವಿರ ಪ್ರತಿ ಒತ್ತಿ ಸಂತೆಗೆ ಬಿಟ್ಟದ್ದನ್ನು ನಂಬುವುದು ಹೇಗೆ ಎನಿಸಿದ್ದು ಸಹಜ. ಮದ್ರಸದಲ್ಲಿ ಓದಿದ ನಮಗೆ ಆ ಅಳುಕು ಅರ್ಥವಾಗುತ್ತದೆ.

ಆದರೆ ಅಳುಕಿಗೆ ಅವರು ಕಂಡುಕೊಂಡ ಪರಿಹಾರವೇನು? ದೂರ ಉಳಿಯುವುದು. ತಿದ್ದುವವರನ್ನು ಮುದ್ರಣಾಲಯಕ್ಕೆ ಕಳುಹಿಸಬಹುದಿತ್ತಲ್ಲವೇ? ಮುತಫರ್ರಿಕಾರ ಮುದ್ರಣಾಲಯಕ್ಕೆ ಕರಡು ತಿದ್ದಲು ಉಲೇಮಾಗಳನ್ನು ನೇಮಿಸಿದ್ದು ಕೊನೆಗೂ ಅದೇ ಕೆಲಸವನ್ನು ಮಾಡಿತು. ಅಷ್ಟರಲ್ಲಿ ಇಬ್ನು ಸೀನಾರ ವೈದ್ಯಗ್ರಂಥವನ್ನು ಮೂಲ ಅರಬಿಯಲ್ಲಿ 1593ರಲ್ಲೇ ರೋಮ್‌ನವರು ಮುದ್ರಿಸಿಯಾಗಿತ್ತು.

ನಮ್ಮ ನಾಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಕಲ್ಲಚ್ಚು ಬಂದಾಗ ಉರ್ದುವಿನ ಕಾತಿಬರು ಉಳಿದುಕೊಂಡರು. ಅವರು ಬರೆದದ್ದೇ ಕಲ್ಲಿನ ಮೇಲೆ ಮೂಡಿ ಪುಸ್ತಕವಾಗುತ್ತಿತ್ತು. 1858ರಲ್ಲಿ ಲಕ್ನೋದಲ್ಲಿ ಮುದ್ರಣಾಲಯ ತೆರೆದ ಮುನ್ಶಿ ನವಲ್ ಕಿಶೋರ್ ಹಿಂದೂ. ಸಾಮಾನ್ಯ ಮುಸ್ಲಿಮ್ ಮನೆಗೆ ಕೈಗೆಟುಕುವ ಬೆಲೆಯಲ್ಲಿ ಕುರ್‌ಆನ್ ತಲುಪಿಸಿದವರಲ್ಲಿ ಅವರೂ ಪ್ರಮುಖರು. ಇಂದು ದ್ವೇಷದ ವ್ಯಾಪಾರ ಮಾಡುವವರು ಇದನ್ನು ಓದಬೇಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದೂ ಕಲ್ಲಚ್ಚಿನಲ್ಲೇ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರ ಕೈಯಿಂದ.

ಈಗ ನಮ್ಮ ಕಾಲಕ್ಕೆ ಬರೋಣ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದ್‌ನ ಯುವ ಇಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಅವರ ಕಾರಿಗಿಂತ ವೇಗವಾಗಿ ಓಡಿತು. ಅದೇ ತಿಂಗಳು ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವ ಮಿತಿ ಘೋಷಿಸಿತು. ನಮ್ಮದೇ ಕುಟುಂಬಗಳ ಗುಂಪುಗಳಲ್ಲಿ ಏನು ಓಡಾಡುತ್ತಿದೆ? ಇಷ್ಟು ಜನರಿಗೆ ಕಳುಹಿಸಿದರೆ ಹರಕೆ ಫಲಿಸುತ್ತದೆ, ಕಳುಹಿಸದಿದ್ದರೆ ಕೇಡು! ಹತ್ತನೆಯ ಶತಮಾನದ ಆ ಅಚ್ಚಿನ ತಾಯಿತ ಇನ್ನೂ ಮುದ್ರಣವಾಗುತ್ತಲೇ ಇದೆ.

ಯಂತ್ರದ ಕೀಲಿಕೈ ಯಾರಲ್ಲಿದೆ ಎಂಬುದೂ ಮುಖ್ಯ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಇಂಟರ್‌ನೆಟ್ ನಿಲ್ಲಿಸಲಾಯಿತು. 4ಜಿ ಸೇವೆ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಕೊರೋನಾ ಕಾಲದ ಆನ್‌ಲೈನ್ ತರಗತಿಗಳನ್ನು ಅಲ್ಲಿನ ಮಕ್ಕಳು 2ಜಿಯಲ್ಲಿ ಕೇಳಿದರು. ಅನಿರ್ದಿಷ್ಟ ಕಾಲದ ನಿಲುಗಡೆ ಸಲ್ಲದೆಂದು ಸುಪ್ರೀಮ್ ಕೋರ್ಟು 2020ರ ಜನವರಿಯಲ್ಲಿ ಹೇಳಿದ ಮೇಲೂ ಹೀಗಾಯಿತು.

ಇನ್ನು ಕೃತಕ ಬುದ್ಧಿಮತ್ತೆ. ಪ್ರಶ್ನೆ ಕೇಳಿದರೆ ಕನ್ನಡದಲ್ಲೇ ಉತ್ತರ ಬರೆಯುವ ಯಂತ್ರಗಳು ಬಂದಿವೆ. ಅವು ಕಲಿಯುವುದು ಜನರು ಈಗಾಗಲೇ ಬರೆದಿಟ್ಟದ್ದರಿಂದ. ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡದ ಬರಹ ಅದರಲ್ಲಿ ತೀರಾ ಅಲ್ಪ; ಬ್ಯಾರಿ, ನವಾಯತಿ, ದಖನಿ ಮಾತಾಡುವ ನಮ್ಮ ಮನೆಗಳ ಬದುಕು ಇನ್ನೂ ಅಲ್ಪ. ನಮ್ಮ ಅಜ್ಜಿಯರ ಮದ್ದು, ಬೀಡಿ ಕಟ್ಟಿದ ತಾಯಂದಿರ ಲೆಕ್ಕ, ಊರಿನ ಮಸೀದಿಯ ಚರಿತ್ರೆ ಇವನ್ನು ನಾವು ಬರೆಯದಿದ್ದರೆ, ನಮ್ಮ ಬಗ್ಗೆ ಬೇರೆಯವರು ಬರೆದದ್ದನ್ನೇ ಯಂತ್ರ ನಮ್ಮ ಮೊಮ್ಮಕ್ಕಳಿಗೆ ಓದಿ ಹೇಳುತ್ತದೆ. ಅದು ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತದೆ ಎಂಬುದು ಗಮನದಲ್ಲಿರಲಿ. ವೆನಿಸ್‌ನ ಆ ಪ್ರತಿಯಂತೆ ಇಲ್ಲಿಯೂ ಕರಡು ತಿದ್ದಬಲ್ಲವರು ಬೇಕು: ಅರಬಿ, ಉರ್ದು, ಕನ್ನಡ ಮೂರನ್ನೂ ಬಲ್ಲ ಮದ್ರಸದ ಹುಡುಗರು, ಕಂಪ್ಯೂಟರ್ ಕಲಿತ ನಮ್ಮ ಹೆಣ್ಣುಮಕ್ಕಳು.

ಹಾಗಾದರೆ ಹದಿಮೂರರ ಮಗಳ ಕೈಗೆ ಮೊಬೈಲ್ ಕೊಡಬೇಕೇ ಎಂದು ಸಭೆಗೆ ಮೊದಲೇ ಒಬ್ಬರು ಚೀಟಿ ಕಳುಹಿಸಿದ್ದಾರೆ. ಮಗನಿಗೆ ಕೊಟ್ಟಾಗಿದೆಯೇ ಎಂದು ನಾವು ಮೊದಲು ಕೇಳಬೇಕಾಗುತ್ತದೆ. ನಡುಮನೆಯಲ್ಲಿ, ಎಲ್ಲರ ಕಣ್ಣಿಗೆ ಕಾಣುವಂತೆ, ಇಬ್ಬರಿಗೂ ಒಂದೇ ಸಮಯಮಿತಿಯಲ್ಲಿ ಒಂದು ಕಂಪ್ಯೂಟರ್ ಇಡುವುದು ನಮ್ಮ ಸಲಹೆ. ರಾತ್ರಿ ತಂದೆಯ ಮೊಬೈಲೂ ಅದರ ಪಕ್ಕದಲ್ಲೇ ಇರಲಿ. ಪ್ರಶ್ನೋತ್ತರಕ್ಕೆ ಸಂಘಟಕರು ಅರ್ಧ ಗಂಟೆ ಇಟ್ಟಿದ್ದಾರೆ. ತಾಯಂದಿರ ಕಡೆಯಿಂದ ಆರಂಭಿಸೋಣ.