ಮಾತು ಸರಿಯಾಗಿದೆ ಅಂತ ನಂಬಬೇಡಿ



ನಿಮ್ಮ ಮಗು ಎಡಮೆದುಳಿನದೋ, ಬಲಮೆದುಳಿನದೋ? ಎಡ ಅಂದ್ರೆ ಲೆಕ್ಕ, ಬಲ ಅಂದ್ರೆ ಕಲೆ. ಇಷ್ಟನ್ನೇ ಹೇಳಿ ಫೀಸು ಕಟ್ಟಿಸಿಕೊಳ್ಳುವ ಕೋರ್ಸುಗಳಿವೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮೆದುಳಿನ ಸ್ಕ್ಯಾನ್ ನೋಡಿದರು. ಎಡಮೆದುಳಿನ ಜನ, ಬಲಮೆದುಳಿನ ಜನ ಅಂತ ಎರಡು ಜಾತಿ ಅವರಿಗೆ ಸಿಗಲಿಲ್ಲ. ದುಡ್ಡು ಉಳಿಸಿಕೊಳ್ಳಿ.

ಹಾಗಂತ ಎಡ-ಬಲದ ಕತೆ ಪೂರ್ತಿ ಸುಳ್ಳಲ್ಲ. ದೇಹದ ವೈರಿಂಗ್ ಅಡ್ಡಡ್ಡ ಇದೆ. ಎಡಮೆದುಳು ಬಲಗೈ-ಬಲಗಾಲನ್ನು ನಡೆಸುತ್ತೆ, ಬಲಮೆದುಳು ಎಡಗಡೆಯನ್ನು. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, ಮಾತು ನಿಂತುಹೋಗಿದ್ದ ರೋಗಿಯೊಬ್ಬ ಸತ್ತ ಮೇಲೆ ಅವನ ಮೆದುಳು ತೆಗೆದು ನೋಡಿದ. ಪೆಟ್ಟು ಇದ್ದದ್ದು ಎಡಗಡೆ. ಬಹುಪಾಲು ಜನರಿಗೆ ಮಾತಿನ ಮನೆ ಅಲ್ಲೇ.

ಇದು ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಯಾಕೆ ಬೇಕು? ಲಕ್ವ ಹೊಡೆದಾಗ ಬೇಕು.

ಎಡಮೆದುಳಿಗೆ ರಕ್ತ ನಿಂತರೆ ಬಲಗೈ ಬೀಳುತ್ತೆ, ಸಾಮಾನ್ಯವಾಗಿ ಮಾತೂ ಹೋಗುತ್ತೆ. ಮನೆಯವರು ಹೆದರಿ ಓಡುತ್ತಾರೆ. ಬಲಮೆದುಳಿಗೆ ಆದರೆ? ಎಡಗೈ ಜೋತುಬಿದ್ದಿರುತ್ತೆ, ಯಜಮಾನ ಮಾತ್ರ ಚೆನ್ನಾಗೇ ಮಾತಾಡ್ತಾನೆ. 'ನಂಗೇನಾಗಿದೆ? ಮಲಗಿದ್ರೆ ಸರಿಹೋಗುತ್ತೆ ಬಿಡ್ರೋ' ಅಂತಾನೆ. ಸುಳ್ಳು ಹೇಳ್ತಿಲ್ಲ, ಪಾಪ. ತನ್ನ ಎಡಗಡೆ ಕೆಟ್ಟಿದೆ ಅನ್ನೋದೇ ಕೆಲವರಿಗೆ ಗೊತ್ತಾಗಲ್ಲ. ಅದನ್ನು ತಿಳಿಸಬೇಕಾದ ಭಾಗಕ್ಕೇ ಪೆಟ್ಟು ಬಿದ್ದಿರುತ್ತೆ. ಮನೆಯವರು ನಂಬುತ್ತಾರೆ. ಗಾಳಿ ಸೋಕಿರಬೇಕು ಅಂತ ಎಣ್ಣೆ ತಿಕ್ಕಿ, ಸೊಪ್ಪಿನ ರಸ ಕುಡಿಸಿ, ಬೆಳಗಾಗಲಿ ಅಂತ ಕಾಯುತ್ತಾರೆ. ನುಂಗಲಾಗದವರ ಬಾಯಿಗೆ ಹಾಕಿದ ರಸ ಶ್ವಾಸಕೋಶಕ್ಕೂ ಇಳಿಯಬಹುದು.

ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗಲೇಬೇಕು, ಯಾಕಂದ್ರೆ ಮೆದುಳಲ್ಲಿ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣ ತೆಗೆಯುತ್ತೆ. ಈಗ ಲೆಕ್ಕ ಹಾಕಿ. ಕೊರಟಗೆರೆಯವರಿಗೆ ತುಮಕೂರು ಹತ್ತಿರ, ಶಿರಾದವರಿಗೆ ಹೆದ್ದಾರಿ ಇದೆ. ಪಾವಗಡದಿಂದ ತುಮಕೂರಿಗೆ ಸುಮಾರು ನೂರು ಕಿಲೋಮೀಟರ್. ಹಳ್ಳಿಯಿಂದ ಪಾವಗಡಕ್ಕೆ ಬರುವ ಹೊತ್ತು ಬೇರೆ. ಮೂರು ಕಡೆ ಆಂಧ್ರ ಸುತ್ತಿರುವ ತಾಲ್ಲೂಕು ಅದು, ಜಿಲ್ಲಾ ಕೇಂದ್ರವೇ ದೂರ. ಮನೆಯಲ್ಲಿ ಎರಡು ಗಂಟೆ ಕಳೆದರೆ ಉಳಿಯೋದೇನು ಸ್ವಾಮಿ? ನಾಲ್ಕೂ ತಾಲ್ಲೂಕಿನಲ್ಲಿ ಹಗಲು-ರಾತ್ರಿ ಸ್ಕ್ಯಾನ್ ಮಾಡಿ ಈ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇರಬೇಕು. ವೋಟು ಕೇಳಲು ಬಂದವರನ್ನು ಇದನ್ನೂ ಒಂದು ಸಲ ಕೇಳಿ.

ಅಲ್ಲಿವರೆಗೆ ನಮ್ಮ ಕೈಲಿರೋದು ಇಷ್ಟು. ಅನುಮಾನ ಬಂದರೆ ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟ ಆಗುತ್ತಾ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಿಸಿ, ಒಂದು ಕೆಳಗೆ ಜಾರುತ್ತಾ ನೋಡಿ. ಒಂದು ವಾಕ್ಯ ಹೇಳಿಸಿ. ಮೂರರಲ್ಲಿ ಒಂದು ಕೆಟ್ಟಿದ್ದರೂ, ಮಾತು ಎಷ್ಟೇ ಸರಿಯಿದ್ದರೂ, 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರೂ ಹಾಕಬೇಡಿ. ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೊರಡಿ. ಡಾಕ್ಟರು ಮೊದಲು ಕೇಳೋದು ಅದನ್ನೇ.