ಲೆಕ್ಕಿಗರ ವೃತ್ತಿ

ಹಿಂದೆ ನಮ್ಮ ಹಳ್ಳಿಗಳಲ್ಲಿ ಲೆಕ್ಕವೆಂದರೆ ಶಾನುಭೋಗರ ಮನೆಯ ಸ್ವತ್ತು. ಯಾರ ಹೊಲ ಎಷ್ಟು, ಕಂದಾಯ ಎಷ್ಟು, ಬಾಕಿ ಯಾರದು ಎಂಬುದೆಲ್ಲ ಆ ಮನೆಯ ಕಡತದಲ್ಲಿರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆದದ್ದನ್ನು ಓದಬಲ್ಲವರು ಊರಿಗೆ ಒಬ್ಬರೋ ಇಬ್ಬರೋ. ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಈ ಅಧಿಕಾರವನ್ನು 1961ರಲ್ಲಿ ಆದ ಗ್ರಾಮಾಧಿಕಾರ ರದ್ದಿಯಾತಿಯ ಶಾಸನವು ತೆಗೆದುಹಾಕಿತು. ಆದರೆ ಶಾಸನದಿಂದ ಹುದ್ದೆ ರದ್ದಾಗಬಹುದಲ್ಲದೆ ಭಾವನೆ ರದ್ದಾಗುವುದಿಲ್ಲ. ಲೆಕ್ಕವು ಕೆಲವರ ಕೈಗೆ ಮಾತ್ರ ಹತ್ತತಕ್ಕ ವಿದ್ಯೆ ಎಂಬ ನಂಬಿಕೆ ನಮ್ಮಲ್ಲಿ ಇಂದಿಗೂ ಉಳಿದಿದೆ. ಹಿಂದೆ ವಂಶವು ಕುಳಿತಿದ್ದ ಜಾಗದಲ್ಲಿ ಈಗ ವಾಣಿಜ್ಯದ ಪದವಿ ಕುಳಿತಿದೆ, ಅಷ್ಟೆ.

ಈ ನಂಬಿಕೆಗೆ ನಾವೂ ಒಮ್ಮೆ ದಾಸರಾಗಿದ್ದೆವೆಂದು ಮೊದಲೇ ಒಪ್ಪಿಕೊಳ್ಳುವುದು ಮೇಲು. ನಾವು ಕಾಲೇಜಿನಲ್ಲಿ ಹೇಳುವುದು ವಾಣಿಜ್ಯಶಾಸ್ತ್ರದ ಪಾಠ. ಸುಮಾರು ಹನ್ನೆರಡು ವರ್ಷಗಳ ಕೆಳಗೆ, ಕನ್ನಡವನ್ನು ಮುಖ್ಯವಾಗಿ ಓದಿ ಬಿ.ಎ. ಮುಗಿಸಿದ ಹುಡುಗನೊಬ್ಬನು ನಮ್ಮ ಕೊಠಡಿಗೆ ಬಂದನು. ಅವನ ತಂದೆಯವರದು ಒಂದು ಸಣ್ಣ ದಿನಸಿ ಅಂಗಡಿ. ಸಗಟು ವ್ಯಾಪಾರಿಯೊಬ್ಬರು ಕಳುಹಿಸಿದ್ದ ಬಾಕಿಯ ಪಟ್ಟಿಯನ್ನು ರಾತ್ರಿಯೆಲ್ಲ ಕುಳಿತು ಓದಿ, ಒಂದೇ ಬಿಲ್ಲನ್ನು ಎರಡು ತಾರೀಖುಗಳಲ್ಲಿ ಬರೆದು ಎರಡು ಸಲ ವಸೂಲು ಮಾಡಿದ್ದನ್ನು ಅವನು ಕಂಡುಹಿಡಿದಿದ್ದನು. “ಹೇಗಪ್ಪ ಗೊತ್ತಾಯಿತು?” ಎಂದು ಕೇಳಿದೆವು. “ಮೊಬಲಗು ನೋಡಲಿಲ್ಲ ಸಾರ್, ಸಾಮಾನಿನ ಹೆಸರು ಓದುತ್ತ ಹೋದೆ. ಒಂದೇ ಕಡೆ ‘ಬೆಲ್ಲ’ಕ್ಕೆ ‘ಬಲ್ಲ’ ಅಂತ ತಪ್ಪು ಬರೆದಿದ್ದರು. ಆ ತಪ್ಪೇ ಎರಡು ಸಲ ಬಂದಿತ್ತು” ಎಂದನು. ತಾನು ಲೆಕ್ಕಪರಿಶೋಧಕರ ಪರೀಕ್ಷೆಗೆ ಕಟ್ಟಬಹುದೆ ಎಂಬುದು ಅವನ ಪ್ರಶ್ನೆ. ನಾವು ಅವನ ಜಾಣತನವನ್ನು ಹೊಗಳಿ, ಬೆನ್ನು ತಟ್ಟಿ, ಬಿ.ಎಡ್. ಮಾಡಿಕೊಂಡು ಮೇಷ್ಟರಾಗೆಂದು ಬುದ್ಧಿ ಹೇಳಿ ಕಳುಹಿಸಿದೆವು. ಪರಿಶೋಧನೆಯ ಅತ್ಯುತ್ತಮವಾದ ಒಂದು ಪಾಠವನ್ನು ಅವನು ನಮಗೆ ಹೇಳಿದ್ದನು; ಅದು ಪಾಠವೆಂದು ನಮಗೆ ತೋರಲಿಲ್ಲ. ನಮ್ಮ ಮಾತಿನ ದೆಸೆಯಿಂದ ಅವನಿಗೆ ಎರಡು ವರ್ಷಗಳು ಹೋದವು.

ಲೆಕ್ಕಶಾಸ್ತ್ರಕ್ಕೆ ಗಣಿತದ ಅಗತ್ಯ ಜನರು ಹೆದರುವಷ್ಟಿಲ್ಲ. ಕೂಡುವುದು, ಕಳೆಯುವುದು, ನೂರಕ್ಕೆ ಇಷ್ಟೆಂದು ಹೇಳುವುದು, ಇಷ್ಟು ಬಂದರೆ ಆರಂಭಕ್ಕೆ ಸಾಕು. ಅದರ ಮೂಲಸೂತ್ರವೂ ಸರಳವಾದದ್ದೇ: ಯಾವ ವ್ಯವಹಾರಕ್ಕೂ ಎರಡು ಮುಖಗಳು. ಒಬ್ಬಾಕೆ ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಹೊಲಿಗೆಯ ಯಂತ್ರ ಕೊಂಡಳೆನ್ನಿ. ಪೆಟ್ಟಿಗೆಯಲ್ಲಿ ನಗದು ಹನ್ನೆರಡು ಸಾವಿರ ಕಡಿಮೆಯಾಯಿತು; ಮನೆಯಲ್ಲಿ ಅಷ್ಟೇ ಬೆಲೆಯ ಯಂತ್ರ ಬಂದಿತು. ಸಾಲವಾಗಿ ತಂದಳೆನ್ನಿ, ಯಂತ್ರವೂ ಬಂದಿತು, ಅದರ ಬೆನ್ನಿಗೇ ಋಣವೂ ಬಂದಿತು. ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂಬ ಎರಡು ಪ್ರಶ್ನೆಗಳಿಗೂ ಒಟ್ಟಿಗೆ ಉತ್ತರ ಬರೆಯುವುದೇ ಜೋಡಿ ನಮೂದಿನ ಪದ್ಧತಿ. ಇಟಲಿಯ ವರ್ತಕರು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದ ಈ ಪದ್ಧತಿಯನ್ನು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಗಣಿತಗ್ರಂಥವೊಂದರಲ್ಲಿ ಕ್ರಮವಾಗಿ ವಿವರಿಸಿದವನು ಲೂಕಾ ಪಾಚೋಲಿ. ಆತನು ವರ್ತಕನಲ್ಲ, ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿ. ಸ್ವಂತ ಹಣವನ್ನಿಟ್ಟುಕೊಳ್ಳದ ಪಂಥದವನು ಲೋಕಕ್ಕೆ ಹಣದ ಲೆಕ್ಕ ಕಲಿಸಿದನೆಂಬುದು ನಮಗೆ ಯಾವಾಗಲೂ ಒಂದು ವಿನೋದವಾಗಿ ತೋರುತ್ತದೆ.

ಬೇರೆ ದಾರಿಗಳಿಂದ ಬಂದು ಈ ವಿದ್ಯೆಯನ್ನು ಬೆಳೆಸಿದವರು ಅನೇಕರು. ಇಂಗ್ಲೆಂಡಿನ ಪ್ರಸಿದ್ಧ ಕುಂಭಕಾರ ಜೋಸಯ ವೆಡ್ಜ್‌ವುಡ್ ಎಂಬಾತನು 1772ರಲ್ಲಿ ವ್ಯಾಪಾರ ಕುಗ್ಗಿದಾಗ ತನ್ನ ಪುಸ್ತಕಗಳನ್ನು ತಾನೇ ಬಿಚ್ಚಿಕೊಂಡು ಕುಳಿತನು. ಒಂದೊಂದು ಪಾತ್ರೆಗೂ ನಿಜವಾಗಿ ಬೀಳುವ ವೆಚ್ಚವೆಷ್ಟು, ಹೆಚ್ಚಾಗಿ ಮಾಡಿದಂತೆಲ್ಲ ಕಡಿಮೆಯಾಗುವ ವೆಚ್ಚ ಯಾವುದು, ಆಗದಿರುವ ವೆಚ್ಚ ಯಾವುದು ಎಂದು ಬೇರೆ ಬೇರೆ ಮಾಡಿ ನೋಡಿದನು. ಹಾಗೆ ನೋಡುವಾಗ ತನ್ನ ಗುಮಾಸ್ತನೇ ಹಣ ನುಂಗುತ್ತಿದ್ದುದೂ ಬಯಲಾಯಿತು. ಇಂದು ನಾವು ಕಾಲೇಜಿನಲ್ಲಿ ಉತ್ಪಾದನಾವೆಚ್ಚದ ಲೆಕ್ಕವೆಂದು ಕಲಿಸುವ ವಿಷಯದ ತಿರುಳು ಹೀಗೆ ಮಣ್ಣು ಮೆತ್ತಿದ ಕೈಯಲ್ಲಿ ಸಿಕ್ಕಿದ್ದುಂಟು.

ಆದರೆ ನಮ್ಮ ವಿದ್ಯಾರ್ಥಿಗಳಿಗೆ ನಾವು ಮುಖ್ಯವಾಗಿ ಹೇಳುವುದು ಮದರಾಸಿನ ಆರ್. ಶಿವಭೋಗಂ ಅವರ ಕಥೆಯನ್ನು. ಸ್ವಾತಂತ್ರ್ಯದ ಹೋರಾಟದಲ್ಲಿ ಪರದೇಶದ ಬಟ್ಟೆಯನ್ನು ಬಹಿಷ್ಕರಿಸುವ ಚಳವಳಿಗೆ ಸೇರಿ ಈಕೆ ವೆಲ್ಲೂರಿನ ಸೆರೆಮನೆಯಲ್ಲಿ ಒಂದು ವರ್ಷ ಇದ್ದರು. ಲೆಕ್ಕಪರಿಶೋಧಕಿಯಾಗಬೇಕೆಂದು ನಿಶ್ಚಯಿಸಿದ್ದು ಸೆರೆಮನೆಯಲ್ಲಿ. ಹೊರಗೆ ಬಂದು ಓದಿ, 1933ರಲ್ಲಿ ಸರ್ಕಾರದ ಲೆಕ್ಕಶಾಸ್ತ್ರದ ಡಿಪ್ಲೊಮಾ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಭಾರತದಲ್ಲಿ ಅದನ್ನು ಮುಗಿಸಿದ ಮೊದಲ ಮಹಿಳೆ ಅವರೇ. ಆದರೆ ಸೆರೆಮನೆ ಕಂಡವರು ವೃತ್ತಿಗೆ ನೋಂದಾಯಿಸಿಕೊಳ್ಳಕೂಡದೆಂಬ ನಿಬಂಧನೆಯೊಂದು ಅಡ್ಡ ಬಂದಿತು. ಶಿವಭೋಗಂ ಅವರು ನ್ಯಾಯಾಲಯಕ್ಕೆ ಹೋಗಿ ವಾದಿಸಿ ಗೆದ್ದು, 1937ರಲ್ಲಿ ಸ್ವತಂತ್ರವಾಗಿ ವೃತ್ತಿಯನ್ನು ಆರಂಭಿಸಿದರು. 1949ರಲ್ಲಿ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು ಶಾಸನದ ಮೂಲಕ ಏರ್ಪಟ್ಟ ಮೇಲೆ, 1955ರಿಂದ 1958ರವರೆಗೆ ಅದರ ದಕ್ಷಿಣ ಭಾರತದ ಮಂಡಲಿಗೆ ಅವರೇ ಅಧ್ಯಕ್ಷರಾಗಿದ್ದರು. ಯಾವುದು ಅನರ್ಹತೆಯೆಂದು ಸರ್ಕಾರ ಬರೆದಿತ್ತೋ ಅದನ್ನು ಅವರು ಮುಚ್ಚಿಡಲೂ ಇಲ್ಲ, ಅದಕ್ಕಾಗಿ ಕ್ಷಮೆ ಬೇಡಲೂ ಇಲ್ಲ. ನಮಗೆ ಹಿಡಿಸುವುದು ಈ ಗುಣ.

ಇನ್ನು ಈಗಿನ ದಾರಿಯ ಮಾತು. ಆ ಸಂಸ್ಥೆಯು 2023ರ ಜುಲೈಯಿಂದ ಆಚರಣೆಗೆ ತಂದ ಏರ್ಪಾಡಿನಂತೆ ಮೂರು ಮೆಟ್ಟಿಲಿನ ಪರೀಕ್ಷೆಗಳಿವೆ. ನಡುವೆ ವೃತ್ತಿನಿರತರೊಬ್ಬರ ಕೈಕೆಳಗೆ ಎರಡು ವರ್ಷಗಳ ತರಬೇತಿ. ಪಿ.ಯು. ಮುಗಿಸಿದವರು ಮೊದಲನೆಯ ಮೆಟ್ಟಿಲಿನಿಂದ ಹತ್ತಬೇಕು. ಪದವೀಧರರು ನೇರವಾಗಿ ಎರಡನೆಯ ಮೆಟ್ಟಿಲಿಗೆ ಬರಬಹುದು: ವಾಣಿಜ್ಯದವರಿಗೆ ನೂರಕ್ಕೆ 55 ಅಂಕ, ಉಳಿದ ಯಾವ ವಿಷಯವನ್ನು ಓದಿದವರಿಗಾದರೂ ನೂರಕ್ಕೆ 60. ಕನ್ನಡವಾಗಲಿ, ಸಸ್ಯಶಾಸ್ತ್ರವಾಗಲಿ, ಚರಿತ್ರೆಯಾಗಲಿ, ವಾಣಿಜ್ಯದವನಿಗಿಂತ ಐದು ಅಂಕದ ವ್ಯತ್ಯಾಸ ಮಾತ್ರ. ನಾವು ನಮ್ಮ ಮನಸ್ಸಿನಲ್ಲಿ ಕಟ್ಟಿದ್ದ ಗೋಡೆಗೂ ಬಾಗಿಲ ಬಳಿ ನಿಜವಾಗಿ ಇರುವ ಹೊಸ್ತಿಲಿಗೂ ಎಷ್ಟು ಅಂತರ ನೋಡಿ! ಪರೀಕ್ಷೆ ಸುಲಭವೆಂದು ಮಾತ್ರ ನಾವು ಹೇಳಲಾರೆವು. ಪ್ರತಿಯೊಂದು ಪತ್ರಿಕೆಯಲ್ಲೂ 40, ಒಟ್ಟಿನಲ್ಲಿ ನೂರಕ್ಕೆ 50 ಬರಲೇಬೇಕು. ಒಂದೆರಡು ಸಲ ಸೋಲದೆ ದಡ ಸೇರಿದವರನ್ನು ನಾವು ಕಂಡದ್ದು ಕಡಿಮೆ. ತರಬೇತಿಯಲ್ಲಿ ದೊರೆಯುವ ಭತ್ಯವು ನಗರದಲ್ಲಿ ಕೊಠಡಿಯ ಬಾಡಿಗೆಗೂ ಸಾಲದೆ ಹೋಗುವುದುಂಟು. ಬಡವರ ಮಕ್ಕಳನ್ನು ಹಿಂದಕ್ಕೆಳೆಯುವುದು ಬುದ್ಧಿಯ ಕೊರತೆಯಲ್ಲ, ಈ ವರ್ಷಗಳ ಊಟದ ಚಿಂತೆ. ಇದನ್ನು ಹೇಳದೆ ಬರಿಯ ಉತ್ಸಾಹದ ಮಾತನಾಡುವುದು ಮೋಸ.

ಎಲ್ಲರೂ ಆ ಶಿಖರವನ್ನೇ ಏರಬೇಕೆಂದೂ ಇಲ್ಲ. ಕಾರ್ಖಾನೆಯ ವೆಚ್ಚದ ಲೆಕ್ಕಕ್ಕೆ 1959ರ ಶಾಸನದಂತೆ ಬೇರೆ ಸಂಸ್ಥೆಯೇ ಉಂಟು. ಅಂಗಡಿ, ಗಿರಣಿ, ಸಹಕಾರ ಸಂಘಗಳಲ್ಲಿ ಲೆಕ್ಕ ಬರೆಯಬಲ್ಲವರಿಗೆ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂದಿನಿಂದ ಕೆಲಸ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಅಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಟ್ಯಾಲಿ ಎಂಬ ಗಣಕದ ಸಾಧನವು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1986ರಲ್ಲಿ. ಶ್ಯಾಮಸುಂದರ ಗೋಯೆಂಕಾ ಎಂಬ ವ್ಯಾಪಾರಿಗೆ ತಮ್ಮ ಲೆಕ್ಕಕ್ಕೆ ಒಪ್ಪುವ ಸಾಧನ ಪೇಟೆಯಲ್ಲಿ ದೊರೆಯಲಿಲ್ಲ. ಗಣಿತ ಓದಿದ್ದ ಮಗ ಭರತ ಗೋಯೆಂಕಾ ಅದನ್ನು ತಂದೆಗಾಗಿ ಬರೆದುಕೊಟ್ಟರು.

ಯಾವ ಹಿನ್ನೆಲೆಯಿಂದ ಬಂದವರಾದರೂ ಬರಿಗೈಯಲ್ಲಿ ಬರುವುದಿಲ್ಲ. ಅಂಗಡಿಯಲ್ಲಿ ಬೆಳೆದ ಹುಡುಗನಿಗೆ ಪುಸ್ತಕದಲ್ಲಿರುವ ಮೂಟೆಗೂ ಉಗ್ರಾಣದಲ್ಲಿರುವ ಮೂಟೆಗೂ ಇರುವ ಭೇದ ಗೊತ್ತು. ಅಕ್ಕಿ ಎಷ್ಟು ಸುರಿದುಹೋಗುತ್ತದೆ, ಇಲಿ ಎಷ್ಟು ತಿನ್ನುತ್ತದೆ, ಯಾವ ನಷ್ಟವನ್ನು ಇಲಿಯ ತಲೆಗೆ ಕಟ್ಟುತ್ತಾರೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಅವನಿಗೆ ಹೇಳಿಕೊಡಬೇಕಾಗಿಲ್ಲ. ಸಸ್ಯಶಾಸ್ತ್ರ ಓದಿದವಳನ್ನು ತೆಗೆದುಕೊಳ್ಳಿ. ದೊಡ್ಡ ಕಂಪೆನಿಗಳಿಗೆ ಅನ್ವಯಿಸುವ ಈಗಿನ ಲೆಕ್ಕದ ನಿಯಮಗಳಂತೆ ಕೊಡಗಿನ ಒಂದು ತೋಟದಲ್ಲಿ ಕಾಫಿಯ ಗಿಡಕ್ಕೆ ಒಂದು ನಿಯಮ, ಅದು ವರ್ಷವರ್ಷವೂ ಫಲ ಕೊಡುವುದರಿಂದ ಯಂತ್ರದ ಹಾಗೆ ಸ್ಥಿರಾಸ್ತಿ. ಅದೇ ಗಿಡದ ಮೇಲೆ ಬೆಳೆಯುತ್ತಿರುವ ಹಣ್ಣಿಗೆ ಬೇರೆ ನಿಯಮ, ಅದು ಜೀವವುಳ್ಳ ಆಸ್ತಿ. ಗಿಡವನ್ನು ಕಂಡರಿಯದ ವಾಣಿಜ್ಯದ ಪದವೀಧರನು ಇಲ್ಲಿ ತಡವರಿಸುತ್ತಾನೆ, ಆಕೆ ತಡವರಿಸುವುದಿಲ್ಲ. ಎಂಜಿನಿಯರಿಗೆ ಕಬ್ಬಿಣ ಎಷ್ಟು ಕತ್ತರಿಸಿದರೆ ಎಷ್ಟು ಚೂರಾಗಿ ಹೋಗುತ್ತದೆಂಬುದು ತಿಳಿದಿರುತ್ತದೆ. ಹಲವು ವರ್ಷ ಮನೆಯ ಖರ್ಚನ್ನು ತೂಗಿಸಿದ ಗೃಹಿಣಿಯು ತಡವಾಗಿ ಓದಲು ಕುಳಿತರೆ, ಈ ತಿಂಗಳ ಹಣದಲ್ಲಿ ಮುಂದಿನ ತಿಂಗಳ ಬಾಕಿಯೂ ಅಡಗಿದೆಯೆಂಬ ತತ್ತ್ವವನ್ನು ಆಕೆಗೆ ಕಲಿಸಬೇಕಾಗಿಲ್ಲ. ಅದರ ಇಂಗ್ಲಿಷು ಹೆಸರನ್ನು ಹೇಳಿದರೆ ಸಾಕು.

ವೃತ್ತಿಯಲ್ಲಿ ಬೆಳೆಯುವುದೆಂದರೇನು? ಮೊದಲ ವರ್ಷಗಳ ಕೆಲಸ ನೀರಸವಾದದ್ದು. ರಸೀತಿಯನ್ನೂ ನಮೂದನ್ನೂ ಒಂದೊಂದಾಗಿ ಹೋಲಿಸುವುದು, ನಗದು ಪುಸ್ತಕಕ್ಕೂ ಬ್ಯಾಂಕಿನ ಪಟ್ಟಿಗೂ ತಾಳೆ ಹಾಕುವುದು, ಮಾರ್ಚಿ ತಿಂಗಳ ಕೊನೆಯಲ್ಲಿ ಧೂಳು ಕುಡಿಯುತ್ತ ಸರಕನ್ನು ಎಣಿಸುವುದು. ಏಳು ರೂಪಾಯಿ ವ್ಯತ್ಯಾಸ ಬಂದರೆ, ಕಿಸೆಯಿಂದ ಏಳು ರೂಪಾಯಿ ಹಾಕಿ ಮುಗಿಸೋಣವೆಂದು ತೋರುತ್ತದೆ. ಆದರೆ ಆ ಏಳು ರೂಪಾಯಿಯು ಒಂದು ಕಡೆ ಏಳು ಸಾವಿರ ಹೆಚ್ಚು, ಇನ್ನೊಂದು ಕಡೆ ಏಳು ಸಾವಿರದ ಏಳು ಕಡಿಮೆ ಎಂಬುದರ ಶೇಷವಾಗಿರಬಹುದು. ಅದನ್ನು ಬಿಡದೆ ಹುಡುಕುವವನು ಬೆಳೆಯುತ್ತಾನೆ. ಮತ್ತೊಂದು ಅಭ್ಯಾಸವೂ ಬೇಕು. ಕಡತದಲ್ಲಿ ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಲೆಕ್ಕದ ಪುಸ್ತಕದಲ್ಲಿ ಒರಸಕೂಡದು. ತಪ್ಪಾದರೆ ಆ ತಪ್ಪು ಹಾಗೆಯೇ ಕಾಣುವಂತೆ ಬಿಟ್ಟು, ಅದನ್ನು ಸರಿಪಡಿಸುವ ಬೇರೊಂದು ನಮೂದನ್ನು ಬರೆಯತಕ್ಕದ್ದು. ಗಣಕದಲ್ಲಿ ಲೆಕ್ಕ ಬರೆಯುವ ಕಂಪೆನಿಗಳು ಪ್ರತಿಯೊಂದು ತಿದ್ದುಪಡಿಯ ಗುರುತನ್ನೂ ಅಳಿಸಲಾಗದಂತೆ ಉಳಿಸಬೇಕೆಂದು 2023ರ ಏಪ್ರಿಲ್ 1ರಿಂದ ಕಾನೂನೇ ವಿಧಿಸಿದೆ.

ಕಡೆಗೆ ಬರುವುದು ರುಜು ಹಾಕುವ ಕಾಲ. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್ ಕಂಪೆನಿಯ ಅಧ್ಯಕ್ಷರು ತಾವೇ ಕಾಗದ ಬರೆದು, ಲೆಕ್ಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕಿನ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರು. ಲೆಕ್ಕವನ್ನು ಪರಿಶೋಧಿಸಿದ್ದವರಲ್ಲಿ ಇಬ್ಬರಿಗೆ 2015ರಲ್ಲಿ ವಿಚಾರಣಾ ನ್ಯಾಯಾಲಯವು ಶಿಕ್ಷೆ ವಿಧಿಸಿತು. ಬ್ಯಾಂಕಿನಲ್ಲಿ ಹಣವಿದೆಯೆ ಎಂಬುದನ್ನು ಕಂಪೆನಿಯವರು ತಂದುಕೊಟ್ಟ ಕಾಗದದಿಂದಲ್ಲ, ಬ್ಯಾಂಕಿಗೆ ತಾನೇ ಬರೆದು ಕೇಳಿ ತಿಳಿಯಬೇಕೆಂಬುದು ಪರಿಶೋಧನೆಯ ಮೊದಲ ಪಾಠಗಳಲ್ಲಿ ಒಂದು. ಅದಕ್ಕೆ ಗಣಿತವೂ ಬೇಡ, ವಾಣಿಜ್ಯವೂ ಬೇಡ; ಎದುರಿಗೆ ಕುಳಿತ ದೊಡ್ಡ ಮನುಷ್ಯನನ್ನು ಕೇಳಿದ ಪ್ರಶ್ನೆಯನ್ನೇ ಮತ್ತೊಮ್ಮೆ ಕೇಳುವ ನಾಚಿಕೆಗೇಡಿತನ ಬೇಕು. ಆ ಗುಣವನ್ನು ನಾವು ತರಗತಿಯಲ್ಲಿ ಕಲಿಸಿಲ್ಲ. ಕಲಿಸಲು ನಮಗೆ ಬಾರದು. ಬಿಲ್ಲಿನ ಮೇಲಿನ ಬೆಲ್ಲವನ್ನು ಓದಿದ ಹುಡುಗನಲ್ಲಿ ಅದು ಮೊದಲೇ ಇತ್ತು.

ಆ ಹುಡುಗನು ಬಿ.ಎಡ್. ಮುಗಿಸಿದ ಮೇಲೆ ನಮ್ಮನ್ನು ಕೇಳದೆಯೇ ಪರೀಕ್ಷೆಗೆ ಹೆಸರು ಬರೆಸಿದನು. ಎರಡು ಸಲ ಸೋತು, ಮೂರನೆಯ ಸಲ ಕೊನೆಯ ಮೆಟ್ಟಿಲನ್ನು ದಾಟಿದನು. ಈಗ ಜಿಲ್ಲಾ ಕೇಂದ್ರವೊಂದರಲ್ಲಿ ಅವನದೇ ಕಚೇರಿ. ಹೋದ ತಿಂಗಳು ಅವನಿಂದ ಒಂದು ಕಾಗದ ಬಂದಿತು. ಲೆಕ್ಕ ಬರೆಯುವುದಕ್ಕೆ ಇಬ್ಬರು ಬೇಕಾಗಿದ್ದಾರೆ, ವಾಣಿಜ್ಯ ಓದಿದವರೇ ಆಗಬೇಕೆಂದಿಲ್ಲ, ನಿಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದರೆ ತಿಳಿಸಿ ಸಾರ್ ಎಂದು ಬರೆದಿದ್ದನು. ಕಾಗದದ ಎರಡು ಪ್ರತಿಗಳನ್ನು ಮಾಡಿಸಿ, ಒಂದನ್ನು ಸಸ್ಯಶಾಸ್ತ್ರದ ವಿಭಾಗದ ಹಲಗೆಯ ಮೇಲೆಯೂ ಇನ್ನೊಂದನ್ನು ಕನ್ನಡ ವಿಭಾಗದ ಹಲಗೆಯ ಮೇಲೆಯೂ ಹಚ್ಚಿಸಿದ್ದೇವೆ.